ನಾಯಿ ಬೆಕ್ಕು ಸಾಕಿರೋ ಮನೇಲಿ ದಿನಾ ಏನ್ ನೋಡ್ಬೇಕು, ಏನ್ ಕೊಡ್ಬಾರ್ದು

ಸಾಕಿದ ಪ್ರಾಣಿಗೆ ಹುಷಾರಿಲ್ಲ ಅಂದ ತಕ್ಷಣ ಎಲ್ರೂ ಕೇಳೋ ಮೊದಲ್ನೇ ಪ್ರಶ್ನೆ "ಏನ್ ಮಾತ್ರೆ ಕೊಡ್ಲಿ" ಅಂತ. ನನ್ನ ಕೇಳಿದ್ರೆ ಮನೇಲಿ ನಾವು ಮಾಡೋ ಕೆಲಸದಲ್ಲಿ ಮುಕ್ಕಾಲು ಪಾಲಿಗೆ ಮಾತ್ರೆ ಸಂಬಂಧಾನೇ ಇಲ್ಲ. ದಿನಾ ಐದು ನಿಮಿಷ ಮೈ ಮೇಲೆ ಕೈಯಾಡ್ಸಿ ನೋಡೋದು, ಅಷ್ಟೇ. ಆರಾಮಾಗಿದ್ದಾಗ ಹೇಗಿರತ್ತೆ ಅಂತ ಗೊತ್ತಿದ್ರೆ ತಾನೇ ಹುಷಾರು ತಪ್ಪಿದಾಗ ಗೊತ್ತಾಗೋದು, ಅದೇನು ಬಂದು ಹೊಟ್ಟೆನೋವು ಅಂತ ಹೇಳಲ್ಲ, ಅದ್ರಲ್ಲೂ ಬೆಕ್ಕಂತೂ ನೋವಿದ್ರೆ ಮಂಚದ ಕೆಳಗೆ ಸೇರ್ಕೊಂಡು ಬಿಡತ್ತೆ, ಮನೆಯವ್ರು ಪಾಪ ನಿದ್ದೆ ಮಾಡ್ತಿದೆ ಅಂತ ಸುಮ್ನಿರ್ತಾರೆ.

ರಾತ್ರಿ ಊಟ ಆದ್ಮೇಲೆ ಟೀವಿ ಮುಂದೆ ಕೂತಿರ್ತೀರಲ್ಲ, ನಾಯಿನೂ ಕಾಲ ಹತ್ರ ಬಿದ್ಕೊಂಡಿರತ್ತೆ, ಆ ಟೈಮೇ ಸಾಕು. ಮೊದ್ಲು ಮೇಲ್ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರ್ಬೇಕು. ಹೆಬ್ಬೆರಳಲ್ಲಿ ಒತ್ತಿ ಬಿಟ್ರೆ ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡ್ ಒಳಗೆ ಮತ್ತೆ ಗುಲಾಬಿಗೆ ಬರ್ಬೇಕು. ಬಿಳಿಚ್ಕೊಂಡಿದ್ರೆ ರಕ್ತ ಕಮ್ಮಿ ಆಗಿರಬಹುದು, ಹಳದಿ ಇದ್ರೆ ಕಾಮಾಲೆ ಅನುಮಾನ, ನೀಲಿಗೆ ತಿರುಗಿದ್ರೆ ಉಸಿರಾಟಕ್ಕೇ ತೊಂದ್ರೆ, ನಿಂತ ಕಾಲಲ್ಲೇ ಆಸ್ಪತ್ರೆಗೆ ಹೊರಡಿ. ಎಷ್ಟೋ ನಾಯಿಗಳಿಗೆ ಒಸಡೇ ಕಪ್ಪಗಿರತ್ತೆ, ಅಂಥದ್ದಕ್ಕೆ ಕಣ್ಣಿನ ಕೆಳ ರೆಪ್ಪೆ ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡಿ.

ಆಮೇಲೆ ಉಸಿರು. ಗಾಢ ನಿದ್ದೇಲಿದ್ದಾಗ ಎದೆ ಮೇಲೆ ಹೋಗಿ ಕೆಳಗೆ ಬಂದ್ರೆ ಒಂದು, ಹಾಗೆ ಒಂದು ನಿಮಿಷ ಎಣಿಸಿ, 30ರ ಒಳಗಿರ್ಬೇಕು, ನಾಯಿ ಆದ್ರೂ ಅಷ್ಟೇ ಬೆಕ್ಕು ಆದ್ರೂ ಅಷ್ಟೇ. ಆಟ ಆಡಿ ಬಂದು ತೇಕ್ತಾ ಇರೋವಾಗ ಎಣಿಸಿ ಗಾಬರಿ ಆಗ್ಬೇಡಿ. ಬೆಕ್ಕು ಮಾತ್ರ ಬಾಯಿ ತೆರ್ಕೊಂಡು ಉಸಿರಾಡ್ತಿದ್ರೆ ಎಣಿಸ್ತಾ ಕೂರೋ ವಿಷಯ ಅಲ್ಲ, ಡಾಕ್ಟರ್ ಹತ್ರ ಹೋಗಿ.

ಜ್ವರ ಇದ್ಯಾ ಅಂತ ಮೂಗು ಮುಟ್ಟಿ ನೋಡೋ ಪದ್ಧತಿ ಇದೆ, ಒಣಗಿದ್ರೆ ಜ್ವರ ಒದ್ದೆ ಇದ್ರೆ ಇಲ್ಲ ಅಂತ. ಅದನ್ನ ನಂಬ್ಬೇಡಿ, ಮಲಗಿ ಎದ್ದ ನಾಯಿಗೆ ಮೂಗು ಒಣಗೇ ಇರತ್ತೆ. ಅದ್ರ ಮೈ ನಮಗಿಂತ ಬಿಸಿ ಇರೋದೇ ಸಹಜ, ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಬೆಕ್ಕಿಗೂ ಹೆಚ್ಚುಕಮ್ಮಿ ಅಷ್ಟೇ. ಮೆಡಿಕಲ್ ಶಾಪಲ್ಲಿ ಸಿಗೋ ಡಿಜಿಟಲ್ ಥರ್ಮಾಮೀಟರ್ ಒಂದು ಬೇರೆನೇ ಇಟ್ಕೊಳಿ, ಮೇಲೆ ದೊಡ್ಡದಾಗಿ ಹೆಸರು ಬರೀರಿ, ಯಾಕಂದ್ರೆ ಅದನ್ನ ಹಾಕೋದು ಗುದದ್ವಾರಕ್ಕೆ. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒಬ್ರು ತಲೆ ಹಿಡ್ಕೊಂಡು ಮಾತಾಡಿಸ್ತಿದ್ರೆ ಇನ್ನೊಬ್ರು ಬಾಲ ಎತ್ತಿ ಒಂದು ಇಂಚಿನಷ್ಟು ಒಳಗೆ ಇಟ್ಟು ಬೀಪ್ ಬರೋವರೆಗೂ ಕಾಯ್ಬೇಕು. 103 ದಾಟಿದ್ರೆ ಜ್ವರ ಅಂತ್ಲೇ ಲೆಕ್ಕ, 104 ದಾಟಿದ್ರೆ ನಾಳೆ ನೋಡೋಣ ಅನ್ಬೇಡಿ. ತೂಕಾನೂ ತಿಂಗಳಿಗೊಂದ್ಸಲ ಬರೆದಿಡಿ, ಎತ್ಕೊಂಡು ತೂಕದ ಮೆಷಿನ್ ಮೇಲೆ ನಿಂತು ನಿಮ್ಮ ತೂಕ ಕಳೆದ್ರೆ ಆಯ್ತು. ಬೆಕ್ಕಿಗೆ ಅರ್ಧ ಕೆಜಿ ಇಳಿಯೋದು ಅಂದ್ರೆ ತುಂಬಾ ದೊಡ್ಡ ಮಾತು, ಕಣ್ಣಿಗೆ ಕಾಣಲ್ಲ, ಮೆಷಿನ್‌ಗೆ ಕಾಣತ್ತೆ.

ಉಣ್ಣೆ (ಟಿಕ್) ಕಾಟ

ನಮ್ಮಲ್ಲಿ ನಾಯಿ ಸಾಕೋರ ಅರ್ಧ ತಲೆನೋವು ಇದೇ, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಬೆನ್ನ ಮೇಲೆ ಬಾಚಣಿಗೆ ಆಡ್ಸಿ ಏನೂ ಇಲ್ಲ ಅನ್ನೋದಲ್ಲ. ಕಿವಿ ಒಳಗಿನ ಮಡಿಕೆ, ಕುತ್ತಿಗೆ ಬೆಲ್ಟ್ ಕೆಳಗೆ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಇಷ್ಟೂ ನೋಡಿ ಕೊನೇಗೆ ಒಂದೊಂದೇ ಪಾದ ತಿರುಗಿಸಿ ಬೆರಳ ಸಂದಿ ಬಿಡಿಸಿ ನೋಡಿ. ಅಲ್ಲಿ ಸಣ್ಣ ಕಂದು ಚುಕ್ಕಿ ಇರತ್ತೆ, ಮಣ್ಣು ಅನ್ಸತ್ತೆ, ಉಗುರಲ್ಲಿ ಮೆಲ್ಲಗೆ ಕೆರೆದ್ರೆ ಕಾಲಾಡ್ಸತ್ತೆ. ಅದು ಮರಿ. ರಕ್ತ ಕುಡಿದ ಹೆಣ್ಣು ಉಣ್ಣೆ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಹರಳು ಬೀಜದ ಹಾಗೆ ಊದ್ಕೊಂಡಿರತ್ತೆ, ಅದನ್ನ ಹುಡುಕೋದೇನು ಕಷ್ಟ ಇಲ್ಲ.

ಕೀಳೋಕೆ ಚಿಮಟ ತಗೊಳಿ, ಹೊಟ್ಟೆ ಹಿಡೀಬೇಡಿ, ಚರ್ಮಕ್ಕೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ ಅದ್ರ ಬಾಯಿ ಭಾಗ ಹಿಡಿದು ನೇರವಾಗಿ, ಒಂದೇ ಸಮ, ನಿಧಾನಕ್ಕೆ ಎಳೀರಿ. ಬಂದಿದ್ದನ್ನ ಸ್ಪಿರಿಟ್ ಅಥವಾ ಸೋಪ್ ನೀರಿರೋ ಡಬ್ಬಿಗೆ ಹಾಕಿ. ಉಗುರಲ್ಲಿ ಕುಕ್ಕೋದು, ಚಪ್ಪಲಿಲಿ ಉಜ್ಜೋದು ಬೇಡ, ಅದ್ರ ಹೊಟ್ಟೇಲಿರೋ ರಕ್ತದಲ್ಲಿ ರೋಗಾಣು ಇರಬಹುದು. ಊದುಬತ್ತಿ ತಾಗಿಸೋದು, ಸೀಮೆಎಣ್ಣೆ ಹನಿಸೋದು ಕೂಡ ಬೇಡ, ಅದು ಸಾಯೋ ಮುಂಚೆ ನಾಯಿ ಚರ್ಮ ಸುಡತ್ತೆ.

ಇನ್ನೊಂದು, ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಕಲಸಿ ಹಚ್ಚೋದು. ವಾಟ್ಸಾಪಲ್ಲಿ ವರ್ಷಕ್ಕೆರಡು ಸಲ ಇದು ತಿರುಗಿ ಬರತ್ತೆ. ಕರ್ಪೂರ ನಾಯಿಗೂ ಬೆಕ್ಕಿಗೂ ವಿಷ, ಹಚ್ಚಿದ ಮೇಲೆ ಅದು ನೆಕ್ಕದೆ ಇರತ್ತಾ, ಹೊಟ್ಟೆಗೆ ಹೋದ್ರೆ ಫಿಟ್ಸ್ ಬರಬಹುದು. ನಾಯಿ ಗೂಡಲ್ಲಿ ನುಸಿಗುಳಿಗೆ ಹಾಕೋದೂ ಅಷ್ಟೇ ಅಪಾಯ.

ಮುಖ್ಯ ವಿಷಯ ಏನಪ್ಪಾ ಅಂದ್ರೆ ಮೈ ಮೇಲಿರೋ ಉಣ್ಣೆ ಇಡೀ ಸಂಸಾರದ ಒಂದು ಸಣ್ಣ ಭಾಗ ಅಷ್ಟೇ. ಹೊಟ್ಟೆ ತುಂಬಿದ ಹೆಣ್ಣು ಕೆಳಗುದುರಿ ಗೋಡೆ ಬಿರುಕು, ಬಾಗಿಲ ಚೌಕಟ್ಟಿನ ಸಂದಿ, ಸೋಫಾ ಹಿಂದೆ ಸೇರ್ಕೊಂಡು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯತ್ತೆ, ಮೊಟ್ಟೆ ಒಡೆದ ಮರಿಗಳು ಗೋಡೆ ಹತ್ಕೊಂಡು ಕಾಯ್ತಾ ಇರ್ತವೆ, ಹಾಗಾಗಿ ನಾಯಿಗೆ ಔಷಧಿ ಹಾಕಿ ಮನೆ ಕ್ಲೀನ್ ಮಾಡ್ಲಿಲ್ಲ ಅಂದ್ರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಬಿರುಕಿಗೆ ಪುಟ್ಟಿ ತುಂಬಿ, ಹಾಸಿಗೆ ಬಟ್ಟೆ ಕುದಿಯೋ ನೀರಲ್ಲಿ ಒಗೀರಿ, ಸಂದಿಗಳನ್ನ ವ್ಯಾಕ್ಯೂಮ್ ಇದ್ರೆ ಅದ್ರಲ್ಲಿ ಇಲ್ಲಾಂದ್ರೆ ಗಟ್ಟಿ ಬ್ರಷ್‌ನಲ್ಲಿ ಗುಡಿಸಿ, ಹೀಗೆ ಕೆಲವು ತಿಂಗಳು ಬಿಡದೆ ಮಾಡ್ಬೇಕು.

ನಾಯಿಗೆ ಈಗ ತಿನ್ನಿಸೋ ಮಾತ್ರೆಗಳು ಬಂದಿವೆ, ಅಫಾಕ್ಸೊಲನರ್ ಇರೋದು ಒಂದು ತಿಂಗಳು, ಫ್ಲೂರಲನರ್ ಇರೋದು ಸುಮಾರು ಮೂರು ತಿಂಗಳು ಕೆಲಸ ಮಾಡತ್ತೆ. ದುಬಾರಿ, ಆದ್ರೆ ಉಣ್ಣೆ ಕಚ್ಚಿ ಬರೋ ಟಿಕ್ ಫೀವರ್‌ನ ಆಸ್ಪತ್ರೆ ಬಿಲ್ ಮುಂದೆ ಏನೂ ಅಲ್ಲ. ತೂಕ ನೋಡಿ ಡಾಕ್ಟ್ರೇ ಬರೆದು ಕೊಡ್ಬೇಕು, ಮುಂಚೆ ಯಾವತ್ತಾದ್ರೂ ಫಿಟ್ಸ್ ಬಂದಿದ್ರೆ ಅದನ್ನ ಮೊದ್ಲೇ ಹೇಳಿ.

ಬೆಕ್ಕಿರೋ ಮನೆಯವ್ರು ಇಲ್ಲಿ ಕಣ್ಣಗಲಿಸಿ ಓದಿ. ನಾಯಿಗೆ ತಂದ ಉಣ್ಣೆ ಡ್ರಾಪ್ಸ್ ಉಳಿದಿದೆ ಅಂತ ಬೆಕ್ಕಿನ ಕುತ್ತಿಗೆಗೆ ಹಾಕ್ಬೇಡಿ. ಅಂಥ ಕೆಲವು ಡ್ರಾಪ್ಸಲ್ಲಿರೋ ಪರ್ಮೆತ್ರಿನ್ ಅನ್ನೋ ಔಷಧಿ ನಾಯಿಗೆ ಸರಿಹೋಗತ್ತೆ, ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸ್ಕೊಳ್ಳೋಕಾಗಲ್ಲ, ಕೆಲವೇ ಗಂಟೆಗಳಲ್ಲಿ ಮೈ ನಡುಗಿ ಫಿಟ್ಸ್ ಬರತ್ತೆ. ಗೊತ್ತಿಲ್ದೆ ಹಾಕಿಬಿಟ್ಟಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಒರೆಸಿ, ಪ್ಯಾಕೆಟ್ ಸಮೇತ ಡಾಕ್ಟರ್ ಹತ್ರ ಓಡಿ.

ಮಲೆನಾಡಿನವ್ರಿಗೆ ಉಣುಗು (ಉಣ್ಣೆನೇ) ಅಂದ್ರೆ ಬೇರೆನೇ ಭಯ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು ಅದು. ಆ ಕಾಡಿನ ಉಣುಗು ಬೇರೆ ಜಾತಿ, ಮನೆ ನಾಯಿಗೆ ಹತ್ತೋ ಕಂದು ಉಣ್ಣೆ ಬೇರೆ, ಆದ್ರೂ ಕಾಡಂಚಲ್ಲಿ ತಿರುಗಿ ಬಂದ ನಾಯಿ ಮೈ ಮೇಲೆ ಕಾಡಿನದ್ದೂ ಬರಬಹುದು, ಅದಕ್ಕೆ ಅಲ್ಲಿಯವ್ರು ನಾಯಿನ ಒಳಗೆ ಬಿಡೋ ಮುಂಚೆ ಜಗಲಿ ಮೇಲೇ ನೋಡಿ ಬಿಡೋದು ಒಳ್ಳೇದು.

ಟಿಕ್ ಫೀವರ್ ಬಂದ್ರೆ ಮೊದಲ ಲಕ್ಷಣ ಏನೂ ನಾಟಕೀಯ ಇರಲ್ಲ, ಊಟ ಬಿಡತ್ತೆ, ಮೆಟ್ಟಿಲು ಹತ್ತೋಕೆ ಬೇಜಾರು ಮಾಡ್ಕೊಳತ್ತೆ, ಒಸಡು ಬಿಳಿಚ್ಕೊಳತ್ತೆ. ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕಿ, ಮೂಗಲ್ಲಿ ರಕ್ತ ಬಂದ್ರೆ ಎರ್ಲಿಕಿಯಾ ಅನ್ನೋ ರೋಗಾಣು ಇರಬಹುದು, ಪ್ಲೇಟ್‌ಲೆಟ್ ಇಳಿದಿರತ್ತೆ. ಮೂತ್ರ ಕಾಫಿ ಬಣ್ಣಕ್ಕೆ ಬಂದ್ರೆ ಬಬೇಸಿಯಾ ಅನ್ನೋ ಇನ್ನೊಂದು ರೋಗಾಣು ಅನುಮಾನ. ಎರಡಕ್ಕೂ ಔಷಧಿ ಬೇರೆ ಬೇರೆ, ಹಾಗಾಗಿ ರಕ್ತ ಪರೀಕ್ಷೆ ಬೇಡ ಸುಮ್ನೆ ಏನಾದ್ರೂ ಕೊಡಿ ಅಂತ ಡಾಕ್ಟರ್‌ಗೆ ದುಂಬಾಲು ಬೀಳ್ಬೇಡಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೀತಾರೆ. ಮೂರ್ನೇ ದಿನಕ್ಕೆ ನಾಯಿ ಎದ್ದು ಬಾಲ ಆಡ್ಸತ್ತೆ, ನಮ್ಮೋರು ಐದನೇ ದಿನಕ್ಕೆ ಮಾತ್ರೆ ನಿಲ್ಲಿಸ್ತಾರೆ. ನಿಲ್ಲಿಸ್ಬೇಡಿ. ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ ಮಾಡತ್ತೆ, ಊಟದ ಜೊತೆ ಕೊಡಿ. ಬೆಕ್ಕಿಗೆ ಇದೇ ಮಾತ್ರೆ ಬರೆದಿದ್ರೆ ನುಂಗಿಸಿದ ಮೇಲೆ ಸೂಜಿ ತೆಗೆದ ಸಿರಿಂಜಲ್ಲಿ ಸ್ವಲ್ಪ ನೀರು ಕೆನ್ನೆ ಪಕ್ಕದಿಂದ ಹಾಕಿ, ಮಾತ್ರೆ ಅನ್ನನಾಳದಲ್ಲಿ ಸಿಕ್ಕಾಕೊಂಡ್ರೆ ಒಳಗೆ ಸುಟ್ಟು ಗಾಯ ಆಗತ್ತೆ.

ನಮ್ಮ ಡಬ್ಬಿ ಮಾತ್ರೆ, ನಮ್ಮ ಅಡುಗೆ

ಡೋಲೋ, ಕ್ರೋಸಿನ್ ಅಂದ್ರೆ ಪ್ಯಾರಾಸಿಟಮಾಲ್. ಬೆಕ್ಕಿಗೆ ಒಂದು ಮಾತ್ರೆ ಸಾಕು ಪ್ರಾಣ ಹೋಗೋಕೆ. ಅದ್ರ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿನೇ ಹೋಗಿ ಒಸಡು ಕಂದು ಬಣ್ಣಕ್ಕೆ ತಿರುಗತ್ತೆ, ಮುಖ ಊದತ್ತೆ. ಮಗುಗೆ ಕೊಡೋ ಸಿರಪ್ ತಾನೇ, ಸ್ವಲ್ಪ ಕೊಟ್ರೆ ಏನಾಗತ್ತೆ ಅನ್ನೋ ಲೆಕ್ಕಾಚಾರ ಇಲ್ಲಿ ನಡೆಯಲ್ಲ. ನಾಯಿಗೆ ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಕೊಟ್ರೆ ಹೊಟ್ಟೇಲಿ ಹುಣ್ಣಾಗಿ ರಕ್ತ ವಾಂತಿ, ಆಮೇಲೆ ಕಿಡ್ನಿ. ಕುಂಟ್ತಿದೆ ಅಂತ ಮೆಡಿಕಲ್ ಶಾಪ್ ಹುಡುಗನ್ನ ಕೇಳಿ ತರೋ ಮಾತ್ರೆಗಳಲ್ಲಿ ಹೆಚ್ಚಾಗಿ ಇವೇ ಇರೋದು.

ಊಟದ ವಿಷಯದಲ್ಲಿ ನಾನು ರಾಗಿ ಮುದ್ದೆ ವಿರೋಧಿ ಏನಲ್ಲ, ಎಷ್ಟೋ ಹಳ್ಳಿ ನಾಯಿಗಳು ಮುದ್ದೆ ತಿಂದೇ ಬೆಳೆದಿವೆ. ತೊಂದ್ರೆ ಇರೋದು ಮುದ್ದೆ ಜೊತೆ ಸುರಿಯೋ ಸಾರಲ್ಲಿ. ಈರುಳ್ಳಿ ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕಿನ ಕೆಂಪು ರಕ್ತಕಣ ಒಡೀತವೆ, ಬೇಯಿಸಿದ್ರೂ ಹೋಗಲ್ಲ, ಬೆಕ್ಕಿಗೆ ಇನ್ನೂ ಜಾಸ್ತಿ. ಹಾಗಾಗಿ ಮಸಾಲೆ ರುಬ್ಬಿ ಹಾಕೋ ಮುಂಚೆನೇ ನಾಲ್ಕು ಚಿಕನ್ ಪೀಸ್, ಒಂದು ಸೌಟು ನೀರು ಬೇರೆ ತೆಗೆದಿಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿ ಕಿಡ್ನಿಗೆ ಅಪಾಯ, ಹಬ್ಬದ ದಿನ ಉಳಿದ ಪಾಯಸ ಹಾಕೋರು ನೆನಪಿಟ್ಕೊಳಿ. ಚಾಕೊಲೇಟ್ ಬೇಡ, ಕಾಫಿ ಪುಡಿ ಬೇಡ, ಶುಗರ್‌ಫ್ರೀ ಚ್ಯೂಯಿಂಗ್ ಗಮ್‌ನಲ್ಲಿರೋ ಕ್ಸೈಲಿಟಾಲ್ ಅಂತೂ ನಾಯಿಯ ಶುಗರ್ ಗಕ್ಕನೆ ಇಳಿಸಿಬಿಡತ್ತೆ. ಬಿರಿಯಾನಿ ಮೂಳೆ ಹಾಕ್ಬೇಡಿ, ಬೆಂದ ಮೂಳೆ ಚೂಪಾಗಿ ಸೀಳತ್ತೆ.

ಬೆಕ್ಕಿಗೆ ಹಾಲು ಅನ್ನ ಸಾಕು ಅನ್ನೋದು ಹಳೇ ಕಾಲದ ಮಾತು, ಆ ಕಾಲದ ಬೆಕ್ಕು ದಿನಾ ಇಲಿ ಹಿಡಿದು ತಿಂತಿತ್ತು, ಲೆಕ್ಕ ಸರಿಹೋಗ್ತಿತ್ತು. ಫ್ಲಾಟಲ್ಲಿ ಕೂತಿರೋ ಬೆಕ್ಕಿಗೆ ಇಲಿ ಎಲ್ಲಿಂದ ಬರ್ಬೇಕು. ಮಾಂಸದಲ್ಲಿ ಸಿಗೋ ಟಾರಿನ್ ಅನ್ನೋ ಪೋಷಕಾಂಶ ಇಲ್ಲಾಂದ್ರೆ ಬೆಕ್ಕಿನ ಕಣ್ಣೂ ಹಾಳು, ಹೃದಯಾನೂ ಹಾಳು. ನೀವು ಸಸ್ಯಾಹಾರಿಗಳಾಗಿದ್ರೆ ಪರವಾಗಿಲ್ಲ, ಅಂಗಡಿ ಕ್ಯಾಟ್ ಫುಡ್ ತಂದು ಹಾಕಿ, ಬೆಕ್ಕನ್ನ ಮಾತ್ರ ಸಸ್ಯಾಹಾರಿ ಮಾಡೋಕೆ ಹೋಗ್ಬೇಡಿ.

ನೆಲ ಒರೆಸೋ ಫಿನಾಯಿಲ್ ಮತ್ತೆ ಡೆಟಾಲ್ ಬಗ್ಗೆ ಒಂದು ಮಾತು, ಒದ್ದೆ ನೆಲದ ಮೇಲೆ ಓಡಾಡಿದ ಬೆಕ್ಕು ಆಮೇಲೆ ಪಾದ ನೆಕ್ಕತ್ತೆ. ಪೂರ್ತಿ ಒಣಗೋವರೆಗೂ ಬೇರೆ ರೂಮಲ್ಲಿ ಇಡಿ. ಗಾಯಕ್ಕೂ ಡೆಟಾಲ್, ಟರ್ಪೆಂಟೈನ್ ಸುರೀಬೇಡಿ, ನಾರ್ಮಲ್ ಸಲೈನ್ ಬಾಟಲಿ ತಂದಿಟ್ಕೊಂಡು ತೊಳೀರಿ, ಇಲ್ಲಾಂದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು. ಹುಳ ಬಿದ್ದ ಗಾಯ ಆಗಿದ್ರೆ ಮನೇಲಿ ಸಾಹಸ ಬೇಡ, ಪಶು ಆಸ್ಪತ್ರೆಲಿ ಕ್ಲೀನ್ ಮಾಡಿಸ್ಕೊಂಡು ಬನ್ನಿ.

ಏನಾದ್ರೂ ವಿಷ, ಇಲಿ ಪಾಷಾಣ ತಿಂದಿದೆ ಅಂತ ಅನುಮಾನ ಬಂದ್ರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋದು ಬೇಡ, ಉಪ್ಪೇ ಇನ್ನೊಂದು ವಿಷ ಆಗತ್ತೆ. ಕೆಲವು ಇಲಿ ಪಾಷಾಣದಲ್ಲಿ ಎರಡು ಮೂರು ದಿನ ಏನೂ ಕಾಣಲ್ಲ, ಆಮೇಲೆ ಒಳಗೊಳಗೇ ರಕ್ತ ಸೋರತ್ತೆ, ಚೆನ್ನಾಗೇ ಇದ್ಯಲ್ಲ ಅಂತ ಮೋಸ ಹೋಗ್ಬೇಡಿ, ಪ್ಯಾಕೆಟ್ ಹಿಡ್ಕೊಂಡು ಹೋಗಿ.

ಲೂಸ್ ಮೋಷನ್: ಕಾಯೋದು ಯಾವಾಗ, ಓಡೋದು ಯಾವಾಗ

ದೊಡ್ಡ ನಾಯಿ, ಎರಡು ಸಲ ಲೂಸ್ ಆಯ್ತು, ಆದ್ರೂ ಬಾಲ ಆಡಿಸ್ತಾ ಓಡಾಡ್ತಿದೆ ಅಂದ್ರೆ ಒಂದು ದಿನ ನೋಡಬಹುದು. ಮೆತ್ತಗೆ ಬೇಯಿಸಿದ ಅನ್ನ, ಉಪ್ಪು ಖಾರ ಇಲ್ದೆ ಬೇಯಿಸಿದ ಚಿಕನ್ ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಕೊಡಿ, ನೀರು ಯಾವಾಗ್ಲೂ ಇರಲಿ. ಕುತ್ತಿಗೆ ಹತ್ರ ಚರ್ಮ ಎತ್ತಿ ಬಿಟ್ರೆ ತಕ್ಷಣ ಹಿಂದಕ್ಕೆ ಹೋಗ್ಬೇಕು, ನಿಧಾನಕ್ಕೆ ಇಳಿದ್ರೆ ಮೈಯಲ್ಲಿ ನೀರು ಕಮ್ಮಿ ಆಗಿದೆ.

ಮರಿ ಆದ್ರೆ ಈ ಲೆಕ್ಕ ಯಾವುದೂ ಬೇಡ. ವ್ಯಾಕ್ಸಿನ್ ಪೂರ್ತಿ ಆಗದ ಮರಿ ವಾಂತಿ ಮಾಡ್ಕೊಂಡು, ಊಟ ಬಿಟ್ಟು, ರಕ್ತ ಕಲೆತ ವಿಪರೀತ ನಾರೋ ಲೂಸ್ ಮೋಷನ್ ಮಾಡ್ತಿದ್ರೆ ಪಾರ್ವೋ ಅನ್ನೋ ವೈರಸ್ ರೋಗ ಅಂತ್ಲೇ ಅನ್ಕೊಂಡು ಅವತ್ತೇ ಡ್ರಿಪ್ ಹಾಕಿಸಿ. ಮಜ್ಜಿಗೆ, ದಾಳಿಂಬೆ ಸಿಪ್ಪೆ ಕಷಾಯ ಅಂತ ಒಂದು ದಿನ ಕಳೆದ್ರೆ ಆ ಒಂದು ದಿನಾನೇ ವಾಪಸ್ ಸಿಗಲ್ಲ. ಪಾರ್ವೋದಲ್ಲಿ ಮರಿ ಹೋದ ಮನೆಗೆ ತಕ್ಷಣ ಇನ್ನೊಂದು ಮರಿ ತರ್ಬೇಡಿ, ಆ ವೈರಸ್ ಮಣ್ಣಲ್ಲಿ ತಿಂಗಳಾನುಗಟ್ಟಲೆ ಇರತ್ತೆ, ಫಿನಾಯಿಲ್‌ಗೆ ಬಗ್ಗಲ್ಲ, ಬ್ಲೀಚ್ ಬೇಕು.

ಇಂಜೆಕ್ಷನ್, ಜಂತುಹುಳ

ನಾಯಿಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಂದ್ಸಲ ಹದಿನಾರು ವಾರ ಆಗೋವರೆಗೂ. ರೇಬೀಸ್ ಮೂರು ತಿಂಗಳಿಗೆ, ಬೂಸ್ಟರ್, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಪ್ರತಿ ವರ್ಷ. ಬೆಕ್ಕಿಗೂ ರೇಬೀಸ್ ಬೇಕು, ಮನೆ ಒಳಗೇ ಇರತ್ತೆ ಅನ್ನೋದು ನೆಪ. ಜಂತುಹುಳದ ಔಷಧಿ ಮರಿಗೆ ಎರಡು ವಾರಕ್ಕೊಮ್ಮೆ ಶುರುವಾಗಿ, ಆಮೇಲೆ ತಿಂಗಳಿಗೊಮ್ಮೆ, ಆರು ತಿಂಗಳಾದ್ಮೇಲೆ ಮೂರು ತಿಂಗಳಿಗೊಮ್ಮೆ. ಕರಾವಳಿ, ಮಲೆನಾಡು ಕಡೆ ಮಳೆಗಾಲದಲ್ಲಿ ಇಲಿಜ್ವರ (ಲೆಪ್ಟೋ) ಇರೋದ್ರಿಂದ ಲೆಪ್ಟೋ ಸೇರಿರೋ ಇಂಜೆಕ್ಷನ್ನೇ ಕೇಳಿ ಹಾಕಿಸಿ.

ಯಾರಿಗಾದ್ರೂ ನಾಯಿ ಕಚ್ಚಿದ್ರೆ, ಬೆಕ್ಕು ಪರಚಿದ್ರೆ, ಸಾಕಿದ್ದೇ ಆದ್ರೂ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ಗಡಿಯಾರ ನೋಡ್ಕೊಂಡು ತೊಳೀರಿ. ಸುಣ್ಣ, ಅರಿಶಿನ, ಖಾರದಪುಡಿ ಮೆತ್ಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಕಾಲ ಯಾವಾಗ್ಲೋ ಹೋಯ್ತು, ಈಗ ತೋಳಿಗೇ ನಾಲ್ಕೋ ಐದೋ ಸಲ ಹಾಕ್ತಾರೆ, ರಕ್ತ ಬಂದಿದ್ರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅನ್ನೋ ಇನ್ನೊಂದು ಇಂಜೆಕ್ಷನ್ ಕೂಡ ಬೇಕು, ಅದನ್ನ ಬಾಯಿ ಬಿಟ್ಟು ಕೇಳಿ. ರೇಬೀಸ್ ಲಕ್ಷಣ ಶುರುವಾದ್ಮೇಲೆ ಉಳಿಸೋ ಔಷಧಿ ಇಲ್ಲ.

ಬೇಸಿಗೆ

ಕಲಬುರಗಿ ರಾಯಚೂರು ಕಡೆ 40 ಡಿಗ್ರಿ ದಾಟೋ ದಿನ ಪಗ್ ಥರದ ಗಿಡ್ಡ ಮೂತಿ ನಾಯಿನ ಮಧ್ಯಾಹ್ನ ಹೊರಗೆ ಕರ್ಕೊಂಡು ಹೋಗೋದು ತಪ್ಪೇ. ರಸ್ತೆ ಮೇಲೆ ನಿಮ್ಮ ಅಂಗೈ ಹಿಂಭಾಗ ಇಡಿ, ಏಳೆಂಟು ಸೆಕೆಂಡ್ ಇಡೋಕಾಗಲ್ಲ ಅಂದ್ರೆ ಅದ್ರ ಪಾದಕ್ಕೂ ಆಗಲ್ಲ. ವಿಪರೀತ ತೇಕ್ತಾ, ಅಂಟಂಟು ಜೊಲ್ಲು ಸುರಿಸ್ತಾ ತೂರಾಡಿದ್ರೆ ನೆರಳಿಗೆ ತಂದು ನಲ್ಲಿ ನೀರು ಮೈಗೆ ಹಾಕಿ ಫ್ಯಾನ್ ಬಿಡಿ, ನೀರು ಹಾಕ್ತಾನೇ ಆಟೋ ಕರೀರಿ.

ಗಂಡು ಬೆಕ್ಕಿನ ಮೂತ್ರ

ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗಂಡು ಬೆಕ್ಕು ಪದೇ ಪದೇ ಲಿಟರ್ ಟ್ರೇಗೆ ಹೋಗಿ ಕೂತು ತಿಣುಕತ್ತೆ, ಏನೂ ಬರಲ್ಲ, ಮನೆಯವ್ರು ಮಲಬದ್ಧತೆ ಅನ್ಕೊಂಡು ಹರಳೆಣ್ಣೆ ಕುಡಿಸ್ತಾರೆ. ಅದು ಮೂತ್ರ ಕಟ್ಟಿರೋದು. ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರತ್ತೆ, ರಾತ್ರಿ ಹನ್ನೆರಡಾದ್ರೂ ಹೊರಡ್ಬೇಕಾದ ಕೇಸು ಇದು. ಟ್ರೇ ಮರಳಲ್ಲಿ ದಿನಾ ಎಷ್ಟು ಉಂಡೆ ಕಟ್ಟಿದೆ ಅಂತ ನೋಡೋ ಅಭ್ಯಾಸ ಇದ್ದವ್ರಿಗೆ ಮೊದಲೇ ಗೊತ್ತಾಗತ್ತೆ. ಹಾಗೇ ದಪ್ಪ ಇರೋ ಬೆಕ್ಕು ಎರಡು ಮೂರು ದಿನ ಊಟ ಬಿಟ್ರೆ ಕೊಬ್ಬು ಲಿವರ್‌ಗೆ ತುಂಬ್ಕೊಳತ್ತೆ, ಉಪವಾಸ ಒಳ್ಳೇದು ಅನ್ನೋದು ಬೆಕ್ಕಿಗೆ ಹೊಂದಲ್ಲ.

ಡಾಕ್ಟರ್ ಹತ್ರ ಹೋಗೋವಾಗ

ಕುಂಟೋದು, ಕೆಮ್ಮೋದು, ಫಿಟ್ಸ್ ಇದ್ರೆ ಫೋನಲ್ಲಿ ವಿಡಿಯೋ ಮಾಡ್ಕೊಳಿ, ಕ್ಲಿನಿಕ್ ಮೆಟ್ಟಿಲು ಹತ್ತಿದ ತಕ್ಷಣ ನಾಯಿ ಭಯಕ್ಕೆ ನೆಟ್ಟಗೆ ನಡೆದುಬಿಡತ್ತೆ. ಮಲ ಸ್ವಲ್ಪ ಡಬ್ಬಿಲಿ ತಗೊಂಡ್ಹೋಗಿ, ವ್ಯಾಕ್ಸಿನ್ ಕಾರ್ಡು, ತೂಕ ಬರೆದ ಚೀಟಿ, ಈಗಾಗ್ಲೇ ಏನ್ ಕೊಟ್ಟಿದ್ದೀರೋ ಅದ್ರ ಸ್ಟ್ರಿಪ್. ಬೈತಾರೆ ಅಂತ ಕೊಟ್ಟಿದ್ದನ್ನ ಮುಚ್ಚಿಡ್ಬೇಡಿ, ಪ್ಯಾರಾಸಿಟಮಾಲ್ ಕೊಟ್ಟಿದ್ದೀವಿ ಅಂತ ಮೊದಲೇ ಹೇಳಿದ್ರೆ ಅದಕ್ಕೆ ಪ್ರತ್ಯೇಕ ಔಷಧಿ ಇದೆ, ತಕ್ಷಣ ಶುರು ಮಾಡ್ತಾರೆ. ಊರಲ್ಲಿ ರಾತ್ರಿ ತೆಗೆದಿರೋ ಕ್ಲಿನಿಕ್ ಯಾವುದು ಅಂತ ಪ್ರಾಣಿ ಚೆನ್ನಾಗಿರೋವಾಗ್ಲೇ ವಿಚಾರಿಸಿ ನಂಬರ್ ಫ್ರಿಜ್ ಬಾಗಿಲಿಗೆ ಅಂಟಿಸಿ. ಬೆಕ್ಕಿನ ಬುಟ್ಟಿನ ಅಟ್ಟದ ಮೇಲಿಡ್ಬೇಡಿ, ಬಾಗಿಲು ತೆಗೆದು ಒಳಗೊಂದು ಹಳೇ ಟವೆಲ್ ಹಾಕಿ ನಡುಮನೇಲೇ ಬಿಟ್ಟಿರಿ, ದಿನಾ ಅದ್ರಲ್ಲೇ ಮಲಗಿ ಅಭ್ಯಾಸ ಆದ ಬೆಕ್ಕನ್ನ ಹೊರಡಿಸೋಕೆ ಬುಟ್ಟಿ ಬಾಗಿಲು ಹಾಕಿದ್ರೆ ಸಾಕು, ಕೈಯೆಲ್ಲ ಪರಚಿಸ್ಕೊಳ್ಳೋದು ತಪ್ಪತ್ತೆ.